ನೆರೆಯವನ ಮಾತು ಮತ್ತು ನಮ್ಮ ಸಾಕ್ಷಿ: ಸುಳ್ಳನ್ನು ಕುರಿತ ಇಸ್ಲಾಮಿನ ಬೋಧನೆಗೆ ಒಂದು ಕ್ರೈಸ್ತ ವಿಮರ್ಶೆ

ಪೀಠಿಕೆ

ಇಸ್ಲಾಮ್ ಧರ್ಮವನ್ನು ಕುರಿತು ನಮ್ಮ ಸಭೆಗಳಲ್ಲಿ ಕೇಳಿಬರುವ ಅಭಿಪ್ರಾಯಗಳಲ್ಲಿ ಒಂದು ಹೀಗಿದೆ: ಮುಸಲ್ಮಾನನಿಗೆ ಅನ್ಯಧರ್ಮೀಯರ ಮುಂದೆ ಸುಳ್ಳಾಡಲು ಅವನ ಧರ್ಮವೇ ಅನುಮತಿ ಕೊಟ್ಟಿದೆ, ಆದುದರಿಂದ ಅವನು ಸಮಾಧಾನದ ಮಾತನ್ನಾಡಿದರೂ ಅದನ್ನು ನಂಬಲಾಗದು. ಈ ಅನುಮತಿಗೆ 'ತಖಿಯ್ಯಾ' ಎಂಬ ಅರಬ್ಬಿ ಹೆಸರಿದೆಯೆಂದೂ ಹೇಳಲಾಗುತ್ತದೆ. ವಾದಗ್ರಂಥಗಳಲ್ಲಿ ಹುಟ್ಟಿದ ಈ ಮಾತು ಭಾಷಣಗಳಿಗೆ ಇಳಿದು, ಕೆಲವೊಮ್ಮೆ ಪ್ರಸಂಗಪೀಠವನ್ನೂ ಏರಿದೆ. ಅದನ್ನು ಆಡುವವರಲ್ಲಿ ಹೆಚ್ಚಿನವರು ದುರುದ್ದೇಶದಿಂದ ಆಡುವುದಿಲ್ಲ. ಆದರೆ ಮೂಲವನ್ನು ಪರೀಕ್ಷಿಸಿ ಆಡುವವರೂ ವಿರಳ.

ಈ ಲೇಖನದಲ್ಲಿ ನಾವು ಆ ಮಾತನ್ನು ಪರೀಕ್ಷಿಸಲು ಬಯಸುತ್ತೇವೆ. ಇಸ್ಲಾಮಿನ ಬೋಧನೆಯನ್ನು ವಕೀಲರಂತೆ ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಆ ಬೋಧನೆಯಲ್ಲಿ ನಾವು ಒಪ್ಪಲಾರದ ಅಂಶಗಳಿವೆ. ಅವುಗಳನ್ನು ಕಡೆಯಲ್ಲಿ ಹೇಳಲಿದ್ದೇವೆ. ಆದರೆ ವಿಮರ್ಶೆಗೆ ಮೊದಲು ವಿವರಣೆ ಸತ್ಯವಾಗಿರಬೇಕು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ (ವಿಮೋಚನಕಾಂಡ 20:16) ನೆರೆಯವನ ಆಸ್ತಿ, ನಡತೆಗಳಿಗೆ ಮಾತ್ರ ಸೀಮಿತವಾದುದಲ್ಲ. ಅವನ ನಂಬಿಕೆಗೂ ಅನ್ವಯಿಸುತ್ತದೆ. ಸುಳ್ಳನ್ನು ಕುರಿತು ಬರೆಯುವಾಗಲೇ ಈ ಆಜ್ಞೆಯನ್ನು ಮೀರಿದರೆ ನಮ್ಮ ವಾದಕ್ಕೆ ಬೆಲೆ ಉಳಿಯುವುದಿಲ್ಲ.

1. ನಿಯಮ ಯಾವುದು, ವಿನಾಯಿತಿ ಯಾವುದು

ಮೊದಲಾಗಿ ಗಮನಿಸಬೇಕಾದುದು, ಇಸ್ಲಾಮಿನ ಮೂಲಗ್ರಂಥಗಳಲ್ಲಿ ಸತ್ಯವಂತಿಕೆಯೇ ನಿಯಮ ಎಂಬುದು. ಕುರ್‌ಆನ್ ವಿಶ್ವಾಸಿಗಳಿಗೆ ಸತ್ಯವಂತರ ಸಂಗಡ ಇರಲು ಆಜ್ಞಾಪಿಸುತ್ತದೆ (9:119), ನೇರವಾದ ಮಾತನ್ನಾಡಲು ಹೇಳುತ್ತದೆ (33:70), ತಮಗೂ ತಮ್ಮ ತಂದೆತಾಯಿಗಳಿಗೂ ವಿರುದ್ಧವಾಗಿದ್ದರೂ ನ್ಯಾಯವಾದ ಸಾಕ್ಷಿಯನ್ನೇ ನುಡಿಯಬೇಕೆನ್ನುತ್ತದೆ (4:135). ಪ್ರಮಾಣಭೂತವೆಂದು ಸುನ್ನಿ ಪಂಥದವರು ಮನ್ನಿಸುವ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ, ಸತ್ಯವು ಪುಣ್ಯಕ್ಕೂ ಪುಣ್ಯವು ಸ್ವರ್ಗಕ್ಕೂ ನಡೆಸುತ್ತದೆ, ಸುಳ್ಳು ದುಷ್ಟತನಕ್ಕೂ ದುಷ್ಟತನವು ನರಕಕ್ಕೂ ನಡೆಸುತ್ತದೆ ಎಂಬ ಅರ್ಥದ ಬೋಧನೆಯಿದೆ. ಮಾತಾಡಿದರೆ ಸುಳ್ಳು, ಮಾತು ಕೊಟ್ಟರೆ ಭಂಗ, ನಂಬಿ ಒಪ್ಪಿಸಿದರೆ ದ್ರೋಹ ಎಂಬ ಮೂರನ್ನು ಕಪಟಿಯ ಗುರುತುಗಳೆಂದು ಅದೇ ಸಂಗ್ರಹಗಳು ಹೇಳುತ್ತವೆ. ಕುರ್‌ಆನ್ ಕಪಟಿಗಳ ಬಗ್ಗೆ ಎಷ್ಟು ಕಠಿಣವಾಗಿ ಮಾತಾಡುತ್ತದೆಂಬುದನ್ನು ಬಲ್ಲವರಿಗೆ ಈ ಗುರುತುಗಳ ತೂಕ ತಿಳಿಯುತ್ತದೆ.

ಕೊಟ್ಟ ಮಾತು ಶತ್ರುವಿಗೆ ಕೊಟ್ಟದ್ದಾದರೂ ನಿಲ್ಲಬೇಕೆಂಬುದಕ್ಕೆ ಒಂದು ನಿದರ್ಶನವನ್ನು ಇಲ್ಲಿ ನೆನೆಯುವುದು ಉಚಿತ. ಬದ್ರ್ ಯುದ್ಧಕ್ಕೆ ಮುನ್ನ ಹುದೈಫಾ ಮತ್ತು ಅವರ ತಂದೆ ಮದೀನಾದ ದಾರಿಯಲ್ಲಿ ಖುರೈಷರ ಕೈಗೆ ಸಿಕ್ಕಿಬಿದ್ದರು. ಯುದ್ಧದಲ್ಲಿ ಪಾಲ್ಗೊಳ್ಳುವುದಿಲ್ಲವೆಂದು ದೇವರ ಹೆಸರಿನಲ್ಲಿ ಮಾತು ಕೊಟ್ಟು ಬಿಡುಗಡೆ ಹೊಂದಿದರು. ಅವರು ಬಂದು ವಿಷಯ ತಿಳಿಸಿದಾಗ ಪ್ರವಾದಿ ಮುಹಮ್ಮದರು ಆ ಮಾತನ್ನು ಉಳಿಸಿಕೊಳ್ಳಬೇಕೆಂದು ಹೇಳಿ ಅವರನ್ನು ಯುದ್ಧದಿಂದ ಹಿಂದಕ್ಕೆ ಕಳುಹಿಸಿದರೆಂದು ಮುಸ್ಲಿಮ್ ಸಂಗ್ರಹ ತಿಳಿಸುತ್ತದೆ. ಸಂಖ್ಯೆಯಲ್ಲಿ ಬಹಳ ಕಡಿಮೆಯಿದ್ದ ಸೈನ್ಯಕ್ಕೆ ಇಬ್ಬರ ನಷ್ಟವೂ ಚಿಕ್ಕದಾಗಿರಲಿಲ್ಲ. ಅನ್ಯಧರ್ಮೀಯರಿಗೆ ಕೊಟ್ಟ ಮಾತು ಮಾತೇ ಅಲ್ಲವೆಂಬುದು ಧರ್ಮದ ಬೋಧನೆಯಾಗಿದ್ದರೆ ಈ ವೃತ್ತಾಂತಕ್ಕೆ ಅಲ್ಲಿ ಸ್ಥಳವಿರುತ್ತಿರಲಿಲ್ಲ.

2. ತಖಿಯ್ಯಾ: ಬಲಾತ್ಕಾರಕ್ಕೊಳಗಾದವನ ಮಾತು

ತಖಿಯ್ಯಾ ಎಂದರೆ ತನ್ನನ್ನು ಕಾಪಾಡಿಕೊಳ್ಳುವುದು. ದೇವಭಯ ಎಂಬರ್ಥದ 'ತಖ್ವಾ' ಪದವೂ ಇದೇ ಧಾತುವಿನಿಂದ ಹುಟ್ಟಿದ್ದು. ಇದಕ್ಕೆ ಕುರ್‌ಆನಿನ ಎರಡು ವಚನಗಳನ್ನು ಮುಖ್ಯ ಆಧಾರವಾಗಿ ಹೇಳುತ್ತಾರೆ. ಒಂದು, ನಂಬಿದ ಮೇಲೆ ದೇವರನ್ನು ನಿರಾಕರಿಸುವವರನ್ನು ಖಂಡಿಸುತ್ತಾ, ಹೃದಯವು ನಂಬಿಕೆಯಲ್ಲಿ ನೆಲೆಗೊಂಡಿರುವಾಗ ಬಲಾತ್ಕಾರಕ್ಕೆ ಒಳಗಾದವನನ್ನು ಆ ಖಂಡನೆಯಿಂದ ಹೊರಗಿಡುವ ವಚನ (16:106). ಮತ್ತೊಂದು, ಅವಿಶ್ವಾಸಿಗಳನ್ನು ಆಪ್ತಮಿತ್ರರನ್ನಾಗಿ ಮಾಡಿಕೊಳ್ಳಬಾರದೆಂಬ ವಿಧಿಯಲ್ಲಿ, ಅವರಿಂದ ನಿಮ್ಮನ್ನು ಕಾಪಾಡಿಕೊಳ್ಳುವ ಸಂದರ್ಭದ ಹೊರತು ಎಂಬ ಅರ್ಥದ ವಚನ (3:28).

ಮೊದಲನೆಯ ವಚನವನ್ನು ವ್ಯಾಖ್ಯಾನಕಾರರು ಅಮ್ಮಾರ್ ಬಿನ್ ಯಾಸಿರರ ವೃತ್ತಾಂತದೊಂದಿಗೆ ಓದುತ್ತಾರೆ. ಮೆಕ್ಕಾದಲ್ಲಿ ದುರ್ಬಲವಾಗಿದ್ದ ಮೊದಲ ವಿಶ್ವಾಸಿಗಳ ಕುಟುಂಬ ಅದು. ತಾಯಿ ಸುಮಯ್ಯಾ ಮತ್ತು ತಂದೆ ಯಾಸಿರ್ ಹಿಂಸೆಯಲ್ಲಿ ಸತ್ತರು. ಹಿಂಸೆ ತಾಳಲಾರದೆ ಅಮ್ಮಾರರು ಪೀಡಕರು ಬಯಸಿದ್ದನ್ನು ನುಡಿದು, ಅಳುತ್ತಾ ಪ್ರವಾದಿಯ ಬಳಿಗೆ ಬಂದರು. ನಿನ್ನ ಹೃದಯ ಹೇಗಿತ್ತು ಎಂಬುದೇ ಪ್ರವಾದಿಯ ಪ್ರಶ್ನೆಯಾಗಿತ್ತು. ನಂಬಿಕೆಯಲ್ಲಿ ಸ್ಥಿರವಾಗಿತ್ತೆಂಬ ಉತ್ತರ ಬಂದಾಗ ಅವರನ್ನು ಸಂತೈಸಿದರು. ತಖಿಯ್ಯಾ ಎಂಬ ಬೋಧನೆಯ ಮೂಲದಲ್ಲಿರುವುದು ಹೀಗೆ ಅಳುತ್ತಾ ಬಂದ ಒಬ್ಬ ಮನುಷ್ಯನು, ಒಳಸಂಚು ಮಾಡುವವನಲ್ಲ.

ಈ ವಿನಾಯಿತಿಗೆ ಕಾರಣ ಎದುರಿಗಿರುವವನ ಧರ್ಮವಲ್ಲ, ಅವನಿಂದ ಒದಗುವ ಪ್ರಾಣಭಯ. ಎರಡನೆಯ ವಚನವು ಅವಿಶ್ವಾಸಿಗಳನ್ನೇ ಹೆಸರಿಸುತ್ತದೆಂಬುದು ನಿಜ. ಆದರೆ ಮುಸಲ್ಮಾನರ ನಡುವೆಯೇ ಅಂಥ ಭಯದ ಸ್ಥಿತಿ ಉಂಟಾದರೆ ಅಲ್ಲಿಯೂ ತಖಿಯ್ಯಾ ಸಲ್ಲುತ್ತದೆಂಬ ಶಾಫಿಈ ಪಂಥದ ಅಭಿಪ್ರಾಯವನ್ನು 1210ರಲ್ಲಿ ತೀರಿಕೊಂಡ ಫಖ್ರುದ್ದೀನ್ ರಾಜಿ ತಮ್ಮ ವ್ಯಾಖ್ಯಾನದಲ್ಲಿ ದಾಖಲಿಸಿದ್ದಾರೆ. ಚರಿತ್ರೆಯಲ್ಲಿಯೂ ಹಾಗೆಯೇ ನಡೆದಿದೆ. 833ರಲ್ಲಿ ಖಲೀಫ ಮಾಮೂನನು ಕುರ್‌ಆನ್ ಸೃಷ್ಟಿಸಲ್ಪಟ್ಟದ್ದೆಂಬ ಸಿದ್ಧಾಂತವನ್ನು ವಿದ್ವಾಂಸರ ಮೇಲೆ ಹೇರಿದಾಗ ಹಲವರು ಭಯದಿಂದ ಬಾಯಲ್ಲಿ ಒಪ್ಪಿದರು. ಅಹ್ಮದ್ ಬಿನ್ ಹಂಬಲ್ ಒಪ್ಪದೆ ಸೆರೆಯನ್ನೂ ಏಟುಗಳನ್ನೂ ಸಹಿಸಿದರು. ಒಪ್ಪಿದವರಿಗೆ ಕ್ಷಮೆಯುಂಟು, ಒಪ್ಪದವರಿಗೆ ಗೌರವವುಂಟು. ಧರ್ಮಶಾಸ್ತ್ರಜ್ಞರು ಇದನ್ನು ರಿಯಾಯಿತಿ ಮತ್ತು ದೃಢಸಂಕಲ್ಪ ಎಂಬ ಎರಡು ಹೆಸರುಗಳಿಂದ ಬೇರ್ಪಡಿಸಿ, ದೃಢಸಂಕಲ್ಪವೇ ಮೇಲೆಂದು ಸಾಮಾನ್ಯವಾಗಿ ಹೇಳಿದ್ದಾರೆ.

ಶಿಯಾ ಪಂಥದಲ್ಲಿ ತಖಿಯ್ಯಾಕ್ಕೆ ಹೆಚ್ಚಿನ ಸ್ಥಾನವಿದೆ. ಉಮಯ್ಯದ್ ಮತ್ತು ಅಬ್ಬಾಸಿದ್ ಖಲೀಫರ ಕಾಲದಲ್ಲಿ ಅವರು ಅನುಭವಿಸಿದ ಪೀಡೆಯೇ ಇದಕ್ಕೆ ಕಾರಣ. ಅವರು ಅಡಗಿಸಿಟ್ಟದ್ದು ಬಹುಮಟ್ಟಿಗೆ ಸುನ್ನಿ ಆಳುವವರಿಂದ. ಆದರೆ ಅಲ್ಲಿಯೂ ಎಲ್ಲೆಯಿದೆ. ರಕ್ತ ಸುರಿಯದಂತೆ ತಡೆಯಲೆಂದೇ ತಖಿಯ್ಯಾ ವಿಧಿಸಲ್ಪಟ್ಟಿತು, ನಿರಪರಾಧಿಯ ರಕ್ತ ಸುರಿಯುವ ಹಂತಕ್ಕೆ ಬಂದರೆ ತಖಿಯ್ಯಾ ಇಲ್ಲ ಎಂಬ ಅರ್ಥದ ಬೋಧನೆಯನ್ನು ಅವರ ಸಂಪ್ರದಾಯವು ಇಮಾಮ್ ಬಾಖಿರರಿಂದ ಹೇಳಿಸುತ್ತದೆ. ಅಂದರೆ ತನ್ನ ಪ್ರಾಣ ಉಳಿಸಿಕೊಳ್ಳಲು ಇನ್ನೊಬ್ಬನ ಪ್ರಾಣವನ್ನು ತೆರುವಂತಿಲ್ಲ. 680ರಲ್ಲಿ ಕರ್ಬಲಾದಲ್ಲಿ ಬಾಯಿಮಾತಿನ ವಿಧೇಯತೆಯನ್ನೂ ಕೊಡಲೊಪ್ಪದೆ ಮಡಿದ ಹುಸೈನರನ್ನು ವರ್ಷವರ್ಷವೂ ಸ್ಮರಿಸುವ ಪಂಥವಿದು ಎಂಬುದನ್ನೂ ಮರೆಯಬಾರದು.

ಸುನ್ನಿ ಮುಸಲ್ಮಾನರು ಒಂದು ಇಡೀ ಸಮುದಾಯವಾಗಿ ಈ ರಿಯಾಯಿತಿಯ ಕೆಳಗೆ ಬದುಕಬೇಕಾಗಿ ಬಂದ ಪ್ರಸಿದ್ಧ ಪ್ರಸಂಗವು ಸ್ಪೇನಿನದು. ಅಲ್ಲಿ ಪೀಡಕರು ನಮ್ಮವರೇ. 1491ರ ಒಪ್ಪಂದದಲ್ಲಿ ಫರ್ಡಿನೆಂಡ್ ಮತ್ತು ಇಸಬೆಲ್ಲಾ ಗ್ರಾನಡಾದ ಮುಸಲ್ಮಾನರಿಗೆ ಅವರ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯವನ್ನು ಬರವಣಿಗೆಯಲ್ಲಿ ಕೊಟ್ಟಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಬಲವಂತದ ದೀಕ್ಷಾಸ್ನಾನಗಳು ನಡೆದವು. 1502ರಲ್ಲಿ ಕ್ಯಾಸ್ಟೀಲ್ ರಾಜ್ಯದ ಮುಸಲ್ಮಾನರ ಮುಂದೆ ಮತಾಂತರ ಅಥವಾ ದೇಶತ್ಯಾಗ ಎಂಬ ಆಯ್ಕೆಯನ್ನಿಡಲಾಯಿತು. 1504ರಲ್ಲಿ ಉತ್ತರ ಆಫ್ರಿಕದ ಓರಾನ್ ಮೂಲದ ಧರ್ಮಶಾಸ್ತ್ರಜ್ಞ ಅಹ್ಮದ್ ಬಿನ್ ಅಬೀ ಜುಮುಆ ಅವರಿಗೊಂದು ಫತ್ವಾ ಬರೆದರು: ಬಲವಂತವಾದಲ್ಲಿ ಪ್ರತಿಮೆಯ ಮುಂದೆ ಬಾಗಿರಿ, ಮನಸ್ಸನ್ನು ದೇವರ ಕಡೆಗಿಡಿ, ಹಗಲಲ್ಲಿ ಮಾಡಲಾಗದ ಪ್ರಾರ್ಥನೆಯನ್ನು ರಾತ್ರಿ ಮಾಡಿರಿ. ಇದನ್ನೋದುವ ಕ್ರೈಸ್ತನು ಮೊದಲು ಕೇಳಬೇಕಾದ ಪ್ರಶ್ನೆ, ಈ ಜನರು ಏಕೆ ಸುಳ್ಳಾಡಿದರು ಎಂಬುದಲ್ಲ, ಮೊದಲು ಮಾತು ಮುರಿದವರು ಯಾರು ಎಂಬುದು.

3. ಮೂರು ವಿನಾಯಿತಿಗಳು ಮತ್ತು ಗಜ್ಜಾಲಿಯವರ ವಿವೇಚನೆ

ತಖಿಯ್ಯಾದಿಂದ ಬೇರೆಯಾದ ಇನ್ನೊಂದು ಚರ್ಚೆಯಿದೆ. ಜನರ ನಡುವೆ ಸಂಧಾನ ಮಾಡಲು ಒಳ್ಳೆಯ ಮಾತನ್ನಾಡುವವನು ಸುಳ್ಳುಗಾರನಲ್ಲ ಎಂಬ ಹದೀಸನ್ನು ಉಮ್ಮು ಕುಲ್ಸೂಮರು ವರದಿ ಮಾಡಿದ್ದಾರೆ. ಮುಸ್ಲಿಮ್ ಸಂಗ್ರಹದ ಪಾಠದಲ್ಲಿ ಇದರ ಜೊತೆಗೆ ಯುದ್ಧ, ಸಂಧಾನ, ಪತಿಪತ್ನಿಯರ ನಡುವಣ ಮಾತು ಎಂಬ ಮೂರು ಸಂದರ್ಭಗಳ ಉಲ್ಲೇಖವಿದೆ. ಈ ಮೂರರಲ್ಲಿ ನೇರವಾದ ಸುಳ್ಳಿಗೇ ಅನುಮತಿಯಿದೆಯೇ, ಇಲ್ಲವೆ ಎರಡರ್ಥದ ಮಾತಿಗೆ ಮಾತ್ರವೇ ಎಂಬುದರಲ್ಲಿ ಅವರ ವಿದ್ವಾಂಸರೇ ಒಮ್ಮತದಲ್ಲಿಲ್ಲ. 923ರಲ್ಲಿ ತೀರಿಕೊಂಡ ತಬರಿ ಮೊದಲಾದವರು ಎರಡನೆಯ ಪಕ್ಷದವರು.

ಈ ವಿಷಯವನ್ನು ಅತ್ಯಂತ ಆಳವಾಗಿ ವಿವೇಚಿಸಿದವರಲ್ಲಿ ಇಮಾಮ್ ಗಜ್ಜಾಲಿ ಮುಖ್ಯರು. 1111ರಲ್ಲಿ ತೀರಿಕೊಂಡ ಅವರ 'ಇಹ್ಯಾ ಉಲೂಮುದ್ದೀನ್' ಎಂಬ ಮಹಾಗ್ರಂಥದಲ್ಲಿ ನಾಲಗೆಯ ಕೇಡುಗಳಿಗೇ ಮೀಸಲಾದ ಒಂದು ಪುಸ್ತಕವಿದೆ. ಅವರ ತರ್ಕ ಸಂಕ್ಷೇಪವಾಗಿ ಹೀಗಿದೆ. ಮಾತು ಗುರಿಯನ್ನು ಮುಟ್ಟುವ ಸಾಧನ. ಒಳ್ಳೆಯ ಗುರಿಯನ್ನು ಸತ್ಯದಿಂದಲೂ ಸುಳ್ಳಿನಿಂದಲೂ ಮುಟ್ಟಬಹುದಾದರೆ ಸುಳ್ಳು ನಿಷಿದ್ಧ. ಸುಳ್ಳಿನಿಂದ ಮಾತ್ರ ಮುಟ್ಟಬಹುದಾದರೆ, ಗುರಿ ಅನುಮತವಾದದ್ದಾಗಿದ್ದಲ್ಲಿ ಸುಳ್ಳೂ ಅನುಮತ. ಗುರಿ ಕಡ್ಡಾಯವಾದದ್ದಾಗಿದ್ದಲ್ಲಿ ಸುಳ್ಳೂ ಕಡ್ಡಾಯ. ದುಷ್ಟ ಪ್ರಭುವಿನಿಂದ ತಪ್ಪಿಸಿಕೊಂಡು ಅಡಗಿರುವ ನಿರಪರಾಧಿಯ ಜೀವವನ್ನು ಉಳಿಸುವುದು ಇದಕ್ಕೆ ಉದಾಹರಣೆ.

ವಾದಗ್ರಂಥಗಳು ಸಾಮಾನ್ಯವಾಗಿ ಇಲ್ಲಿಯೇ ಉಲ್ಲೇಖವನ್ನು ನಿಲ್ಲಿಸುತ್ತವೆ. ಗಜ್ಜಾಲಿಯವರು ನಿಲ್ಲಿಸುವುದಿಲ್ಲ. ಈ ಬಾಗಿಲು ಒಮ್ಮೆ ತೆರೆದರೆ ಅಗತ್ಯವಿಲ್ಲದೆಡೆಯೂ ಮನುಷ್ಯನು ಅದರೊಳಗೆ ನುಗ್ಗುತ್ತಾನೆಂದು ಅವರು ಎಚ್ಚರಿಸುತ್ತಾರೆ. ಜನರು ಹೇಳುವ ಬಹುಪಾಲು ಸುಳ್ಳುಗಳು ಹಣಕ್ಕಾಗಿ, ಸ್ಥಾನಮಾನಕ್ಕಾಗಿ, ಇಲ್ಲದಿದ್ದರೂ ನಷ್ಟವಾಗದ ವಸ್ತುಗಳಿಗಾಗಿ ಎಂದು ಗುರುತಿಸುತ್ತಾರೆ. ಸತ್ಯದಿಂದ ಆಗುವ ಕೇಡನ್ನೂ ಸುಳ್ಳಿನಿಂದ ಆಗುವ ಕೇಡನ್ನೂ ತೂಗಿ ನೋಡಬೇಕು. ಸಂದೇಹವಿದ್ದರೆ ಸತ್ಯದ ಕಡೆಗೇ ವಾಲಬೇಕು. ಇನ್ನೂ ಮುಖ್ಯವಾದ ಮಾತೊಂದಿದೆ. ಪ್ರಶ್ನೆ ತನ್ನ ಸ್ವಂತ ಲಾಭನಷ್ಟದ್ದಾಗಿದ್ದರೆ ಸುಳ್ಳನ್ನು ಬಿಟ್ಟು ನಷ್ಟವನ್ನು ಸಹಿಸುವುದೇ ಲೇಸು. ಆದರೆ ಇನ್ನೊಬ್ಬನ ಹಕ್ಕನ್ನು, ಇನ್ನೊಬ್ಬನ ಜೀವವನ್ನು ತನ್ನ ಸತ್ಯವಂತಿಕೆಗಾಗಿ ಬಿಟ್ಟುಕೊಡುವ ಅಧಿಕಾರ ತನಗಿಲ್ಲ.

ಎರಡರ್ಥದ ಮಾತಿನ ಬಗ್ಗೆಯೂ ಅವರು ಬರೆದಿದ್ದಾರೆ. ಭೇಟಿ ಬಯಸದ ಅತಿಥಿ ಬಂದಾಗ ಇಬ್ರಾಹೀಮ್ ನಖಈ ಎಂಬ ವಿದ್ವಾಂಸರು, ಅವರನ್ನು ಮಸೀದಿಯಲ್ಲಿ ಹುಡುಕಿರಿ ಎಂದು ದಾಸಿಯಿಂದ ಹೇಳಿಸುತ್ತಿದ್ದರಂತೆ. ಶಅಬೀ ಎಂಬ ಇನ್ನೊಬ್ಬರು ನೆಲದ ಮೇಲೆ ವೃತ್ತವೊಂದನ್ನು ಬರೆದು, ಅದರೊಳಗೆ ಬೆರಳಿಟ್ಟು 'ಇಲ್ಲಿ ಇಲ್ಲ' ಎಂದು ಹೇಳುವಂತೆ ದಾಸಿಗೆ ತಿಳಿಸುತ್ತಿದ್ದರಂತೆ. ಓದಿ ನಗು ಬರುವುದು ಸಹಜ. ಆದರೆ ಬಾಯಿಂದ ಒಂದು ಸುಳ್ಳು ಪದವೂ ಹೊರಡಬಾರದೆಂಬ ಆತಂಕವಿಲ್ಲದವನು ವೃತ್ತ ಬರೆಯುವ ಶ್ರಮ ತೆಗೆದುಕೊಳ್ಳುವುದಿಲ್ಲ. ಅಗತ್ಯವಿಲ್ಲದಿದ್ದರೆ ಇಂಥ ಜಾಣತನವೂ ಸಲ್ಲದು, ಅದೂ ಕೇಳುವವನಲ್ಲಿ ತಪ್ಪು ತಿಳುವಳಿಕೆ ಹುಟ್ಟಿಸುತ್ತದೆ ಎಂದು ಗಜ್ಜಾಲಿಯವರು ಸೇರಿಸುತ್ತಾರೆ.

4. ನಮ್ಮ ಮನೆಯ ಚರಿತ್ರೆ

ಇದೆಲ್ಲ ನಮಗೆ ಅಪರಿಚಿತವೇ? ಫರೋಹನಿಗೆ ಸುಳ್ಳು ಹೇಳಿ ಮಕ್ಕಳನ್ನು ಉಳಿಸಿದ ಇಬ್ರಿಯ ಸೂಲಗಿತ್ತಿಯರಿಗೆ ದೇವರು ಒಳ್ಳೆಯದನ್ನು ಮಾಡಿದನು (ವಿಮೋಚನಕಾಂಡ 1:15-21). ಗೂಢಚಾರರನ್ನು ಮಾಳಿಗೆಯಲ್ಲಿ ಅಡಗಿಸಿ ಅರಸನ ಆಳುಗಳನ್ನು ಬೇರೆ ದಾರಿಗೆ ಕಳುಹಿಸಿದ ರಾಹಾಬಳನ್ನು ಇಬ್ರಿಯರಿಗೆ ಬರೆದ ಪತ್ರಿಕೆ ವಿಶ್ವಾಸಿಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಭಯಪಡಬೇಡ ಎಂದು ಸೀಸೆರನನ್ನು ಡೇರೆಯೊಳಕ್ಕೆ ಕರೆದು ಕೊಂದ ಯಾಯೇಲಳನ್ನು ದೆಬೋರಳ ಹಾಡು ಹೊಗಳುತ್ತದೆ. ತಖಿಯ್ಯಾಕ್ಕೆ ಅತಿ ಸಮೀಪದ ಪ್ರಸಂಗ ನಾಮಾನನದು. ಯೆಹೋವನನ್ನು ನಂಬಿದ ಅವನು, ತನ್ನ ಅರಸನ ಸಂಗಡ ರಿಮ್ಮೋನನ ಗುಡಿಯಲ್ಲಿ ಬಾಗಬೇಕಾಗುವುದಕ್ಕೆ ಕ್ಷಮೆ ಬೇಡಿದಾಗ, ಎಲೀಷನು ಗದರಿಸದೆ ಸಮಾಧಾನದಿಂದ ಕಳುಹಿಸಿದನು (2 ಅರಸುಗಳು 5:18-19).

ಸಭಾಪಿತೃಗಳೂ ಒಮ್ಮತದಲ್ಲಿರಲಿಲ್ಲ. ಮರಣಕರ ರೋಗಕ್ಕೆ ವಿಷಮೂಲಿಕೆಯನ್ನು ಔಷಧವಾಗಿ ಕೊಡುವಂತೆ ಸುಳ್ಳನ್ನು ಬಳಸಬಹುದೆಂಬ ಹೋಲಿಕೆ ಕಾಸಿಯನರ ಹದಿನೇಳನೆಯ ಸಂವಾದದಲ್ಲಿದೆ. ಗೆಳೆಯ ಬಸೀಲನನ್ನು ಮೋಸದಿಂದ ಯಾಜಕಪದವಿಗೆ ಒಳಪಡಿಸಿದ್ದನ್ನು ಕ್ರಿಸೊಸ್ತೊಮರು ಸೇನಾಪತಿಗಳ ಮತ್ತು ವೈದ್ಯರ ಉದಾಹರಣೆ ಕೊಟ್ಟು ಸಮರ್ಥಿಸಿಕೊಳ್ಳುತ್ತಾರೆ. ಅಂತಿಯೋಕ್ಯದಲ್ಲಿ ಪೇತ್ರ ಪೌಲರ ನಡುವಣ ಜಗಳ ನಟನೆಯಾಗಿತ್ತೆಂದು ಜೆರೋಮರು ಬರೆದಾಗ ಅಗಸ್ಟೀನರು ಪ್ರತಿಭಟಿಸಿದರು. ಸುಳ್ಳನ್ನು ಕುರಿತು ಅಗಸ್ಟೀನರು ಎರಡು ಗ್ರಂಥಗಳನ್ನು ಬರೆದರು. ಸುಮಾರು 420ರಲ್ಲಿ ಬರೆದ ಎರಡನೆಯದರ ಸಂದರ್ಭವೇ ಗಮನಾರ್ಹ: ಪ್ರಿಸಿಲಿಯನ್ ಪಂಥೀಯರು ತಮ್ಮ ಮತವನ್ನು ಮರೆಮಾಡಿ ಸಭೆಯೊಳಗಿದ್ದಾರೆ, ಅವರನ್ನು ಹಿಡಿಯಲು ನಾವೂ ಅವರಂತೆ ನಟಿಸಬಹುದೇ ಎಂದು ಕೊನ್ಸೆಂಟಿಯಸ್ ಎಂಬವನು ಕೇಳಿದ್ದನು. ಅಗಸ್ಟೀನರ ಉತ್ತರ ಇಲ್ಲ ಎಂಬುದೇ. ಸುಳ್ಳನ್ನು ಸುಳ್ಳಿನಿಂದ ಬೇಟೆಯಾಡಿದರೆ ಸತ್ಯವು ಯಾರ ಬಳಿಯೂ ಉಳಿಯುವುದಿಲ್ಲವೆಂಬುದು ಅವರ ಭಾವ.

ಸುಧಾರಣೆಯ ಕಾಲಕ್ಕೆ ಬಂದರೆ, ಕಥೋಲಿಕ ರಾಜ್ಯಗಳಲ್ಲಿ ಹೊರಗೆ ಮಿಸ್ಸಾಬಲಿಗೆ ಹೋಗುತ್ತಾ ಒಳಗೆ ಸುವಾರ್ತೆಯನ್ನು ನಂಬುತ್ತಿದ್ದವರನ್ನು ಕಾಲ್ವಿನರು 1544ರಲ್ಲಿ ಖಂಡಿಸಿದರು. ರಾತ್ರಿಯಲ್ಲಿ ಯೇಸುವಿನ ಬಳಿಗೆ ಬಂದವನ ಹೆಸರಿನಿಂದ ಅವರನ್ನು ನಿಕೊದೇಮಿಯರು ಎನ್ನಲಾಯಿತು. ಕಾಲ್ವಿನರು ಸುರಕ್ಷಿತವಾಗಿ ಜಿನೀವದಲ್ಲಿದ್ದರೆಂದೂ ಆ ಬಡವರು ಬೆಂಕಿಯ ಸಮೀಪದಲ್ಲಿದ್ದರೆಂದೂ ಆಗಲೇ ಗೊಣಗಿದವರಿದ್ದರು. ಅತ್ತ ಲೂಥರರು, ಹೆಸ್ಸೆಯ ಫಿಲಿಪ್ ಪ್ರಭುವಿನ ಎರಡನೆಯ ಮದುವೆ 1540ರಲ್ಲಿ ಬಯಲಾಗುವ ಹೊತ್ತಿಗೆ, ಸಭೆಯ ಹಿತಕ್ಕಾಗಿ ಗಟ್ಟಿಯಾದ ಸುಳ್ಳೊಂದನ್ನು ಹೇಳುವುದರಲ್ಲಿ ತಪ್ಪಿಲ್ಲವೆಂಬರ್ಥದ ಸಲಹೆ ಕೊಟ್ಟರು. ಇಂಗ್ಲೆಂಡಿನಲ್ಲಿ ಅಡಗಿದ್ದ ಯೇಸುಸಭೆಯ ಗುರುಗಳು ಮಾತಿನ ಅರ್ಧವನ್ನು ಮನಸ್ಸಿನಲ್ಲಿಟ್ಟು ಉತ್ತರಿಸುವ ಕ್ರಮವನ್ನು ಸಮರ್ಥಿಸಿದರು. ಅದರ ಅತಿರೇಕದ ರೂಪಗಳನ್ನು 1679ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟರೇ ಖಂಡಿಸಬೇಕಾಯಿತು. ಜಪಾನಿನಲ್ಲಿ 1614ರ ನಿಷೇಧದ ನಂತರ ಕ್ರಿಸ್ತನ ಚಿತ್ರವನ್ನು ತುಳಿದು ಬಂದು ಮನೆಯೊಳಗೆ ಪ್ರಾರ್ಥಿಸುತ್ತಿದ್ದ ಕುಟುಂಬಗಳ ಸಂತಾನದವರು 1865ರಲ್ಲಿ ನಾಗಸಾಕಿಯ ದೇವಾಲಯಕ್ಕೆ ಬಂದು ತಮ್ಮ ಗುರುತು ಹೇಳಿದಾಗ ಸಭೆ ಹರ್ಷಿಸಿತು, ಸುಳ್ಳುಗಾರರೆಂದು ಹೊರಗಟ್ಟಲಿಲ್ಲ.

ನಮ್ಮ ನಾಡಿನ ಸ್ಮರಣೆಯೂ ಇದಕ್ಕೆ ಹೊರತಲ್ಲ. 1784ರಿಂದ 1799ರವರೆಗೆ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಕೆನರಾದ ಕ್ರೈಸ್ತರಲ್ಲಿ ಅನೇಕರು ಬಲವಂತದಿಂದ ಮುಸಲ್ಮಾನರೆನಿಸಿಕೊಂಡರು. ಬಿಡುಗಡೆಯಾಗಿ ಊರಿಗೆ ಮರಳಿದವರು ಮತ್ತೆ ಕ್ರೈಸ್ತರಾಗಿಯೇ ಬದುಕಿದರು. ಅವರ ಬಾಯಿ ನುಡಿದದ್ದಕ್ಕಿಂತ ಹೃದಯ ಉಳಿಸಿಕೊಂಡದ್ದನ್ನೇ ಅವರ ಸಂತತಿ ಇಂದಿಗೂ ನೆನೆಯುತ್ತದೆ. ಅಮ್ಮಾರರಿಗೆ ಕೇಳಲಾದ ಪ್ರಶ್ನೆಯೂ ಹೃದಯವನ್ನು ಕುರಿತದ್ದೇ ಆಗಿತ್ತು. ನಮ್ಮ ಪೂರ್ವಜರಿಗೆ ಸಲ್ಲಿಸುವ ಕರುಣೆಯನ್ನು ನೆರೆಯವನ ಪೂರ್ವಜರಿಗೆ ನಿರಾಕರಿಸುವುದು ನ್ಯಾಯವಲ್ಲ.

5. ಬಾವಿಗೆ ವಿಷ ಬೆರೆಸುವ ವಾದ

ಪ್ರಚಲಿತ ಆರೋಪದಲ್ಲಿ ವಿವರದ ತಪ್ಪಿಗಿಂತ ದೊಡ್ಡದಾದ ಇನ್ನೊಂದು ದೋಷವಿದೆ. 1864ರಲ್ಲಿ ಪ್ರೊಟೆಸ್ಟೆಂಟ್ ಪಾದ್ರಿ ಚಾರ್ಲ್ಸ್ ಕಿಂಗ್‌ಸ್ಲಿ, ಸತ್ಯಕ್ಕಾಗಿಯೇ ಸತ್ಯವನ್ನಾಡುವುದು ರೋಮನ್ ಯಾಜಕರ ಗುಣವಲ್ಲವೆಂದೂ ಹಾಗಿರಬೇಕಿಲ್ಲವೆಂದು ಜಾನ್ ಹೆನ್ರಿ ನ್ಯೂಮನ್ ಕಲಿಸುತ್ತಾರೆಂದೂ ಬರೆದರು. ನ್ಯೂಮನ್ನರ ಪ್ರಸಿದ್ಧ ಆತ್ಮಕಥನ ಹುಟ್ಟಿದ್ದು ಈ ಆರೋಪಕ್ಕೆ ಉತ್ತರವಾಗಿ. ಅವರು ತೋರಿಸಿಕೊಟ್ಟದ್ದು ಇಷ್ಟು: ಎದುರಾಳಿಯು ಸುಳ್ಳಾಡಲು ಅನುಮತಿ ಪಡೆದವನೆಂದು ಮೊದಲೇ ಸಾರಿಬಿಟ್ಟರೆ, ಅವನು ಮುಂದೆ ಏನು ಹೇಳಿದರೂ ಅದು ಸುಳ್ಳಿಗೆ ಇನ್ನೊಂದು ಸಾಕ್ಷಿಯಾಗುತ್ತದೆ. ಇದು ಬಾವಿಗೆ ವಿಷ ಬೆರೆಸಿದಂತೆ; ಆಮೇಲೆ ಯಾರೂ ನೀರು ಸೇದಲಾರರು.

ತಖಿಯ್ಯಾದ ಆರೋಪವೂ ಹೀಗೆಯೇ ಕೆಲಸ ಮಾಡುತ್ತದೆ. ನೆರೆಯ ಮುಸಲ್ಮಾನನು ಹಿಂಸೆಯನ್ನು ಖಂಡಿಸಿದರೆ ಅದು ತಖಿಯ್ಯಾ, ಖಂಡಿಸದಿದ್ದರೆ ಒಪ್ಪಿಗೆ. ತಖಿಯ್ಯಾ ಎಂದರೆ ಹಾಗಲ್ಲವೆಂದು ವಿವರಿಸಿದರೆ ಆ ವಿವರಣೆಯೂ ತಖಿಯ್ಯಾ. ಯಾವ ಪುರಾವೆಯಿಂದಲೂ ಸುಳ್ಳೆಂದು ತೋರಿಸಲಾಗದ ಆರೋಪವು ನ್ಯಾಯಸ್ಥಾನದಲ್ಲಿ ನಿಲ್ಲದು, ದೈವಶಾಸ್ತ್ರದಲ್ಲಿಯೂ ನಿಲ್ಲಬಾರದು. ಮತಾಂತರದ ವಿಷಯದಲ್ಲಿ ನಮ್ಮ ಸಭೆಯ ಸೇವೆಗಳ ಮೇಲೆಯೂ ಇದೇ ಬಗೆಯ ಸಂಶಯ ಹೊರಿಸಲಾಗುವುದನ್ನು ನಾವು ಬಲ್ಲೆವು. ಶಾಲೆ, ಆಸ್ಪತ್ರೆ, ಅನಾಥಾಶ್ರಮ ಎಲ್ಲವೂ ಮುಖವಾಡವೆಂದು ಮೊದಲೇ ತೀರ್ಮಾನಿಸಿದವನ ಮುಂದೆ ಯಾವ ಉತ್ತರವೂ ಸಾಲದು. ನಮಗೆ ನೋವುಂಟುಮಾಡುವ ಅಳತೆಗೋಲನ್ನು ಇನ್ನೊಬ್ಬರ ಮೇಲೆ ಬಳಸುವುದು ಮತ್ತಾಯ 7:2ರ ಎಚ್ಚರಿಕೆಯನ್ನು ಮರೆತಂತೆ.

6. ಉಳಿಯುವ ಭಿನ್ನಾಭಿಪ್ರಾಯ

ಹಾಗಾದರೆ ವಿಮರ್ಶಿಸಲು ಏನೂ ಉಳಿಯುವುದಿಲ್ಲವೇ? ಉಳಿಯುತ್ತದೆ. ಅದು ಚಿಕ್ಕದಾದರೂ ಗಟ್ಟಿಯಾದದ್ದು.

ಮೊದಲನೆಯದಾಗಿ, ಮಾತು ಸಾಧನವೆಂಬ ಗಜ್ಜಾಲಿಯವರ ಆರಂಭದ ಹೆಜ್ಜೆಯನ್ನು ನಾವು ಹಾಗೆಯೇ ಒಪ್ಪಲಾರೆವು. ಆದಿಯಲ್ಲಿ ವಾಕ್ಯವಿತ್ತೆಂದು ನಂಬುವವರಿಗೆ ಮಾತು ಗುರಿಯನ್ನು ಮುಟ್ಟುವ ವಾಹನ ಮಾತ್ರವಲ್ಲ. ವ್ಯಕ್ತಿ ವ್ಯಕ್ತಿಗೆ ತನ್ನನ್ನು ಕೊಟ್ಟುಕೊಳ್ಳುವ ಬಗೆ. ಆದರೆ ಅಗಸ್ಟೀನರ ಕಡುನಿಯಮವೂ ಪೂರ್ಣ ಉತ್ತರವಲ್ಲ. ಅವರು ಹೊಗಳುವ ಥಗಸ್ತೆಯ ಬಿಷಪ್ ಫಿರ್ಮಸ್, ಅಡಗಿಸಿಟ್ಟವನನ್ನು ತೋರಿಸಲೂ ಇಲ್ಲ, ಸುಳ್ಳಾಡಲೂ ಇಲ್ಲ. ಹಿಂಸೆಯನ್ನು ತಾನೇ ಸಹಿಸಿದನು. ಕಡೆಗೆ ಚಕ್ರವರ್ತಿ ಅವನ ಸ್ಥೈರ್ಯ ಕಂಡು ಅಡಗಿದವನನ್ನೂ ಕ್ಷಮಿಸಿದನು. ಎಲ್ಲ ಚಕ್ರವರ್ತಿಗಳೂ ಕ್ಷಮಿಸುವುದಿಲ್ಲ. ಆಗ ಬೆಲೆ ತೆರುವವನು ಸತ್ಯ ನುಡಿದವನಲ್ಲ, ಅಡಗಿದ್ದವನು. ಇನ್ನೊಬ್ಬನ ಜೀವವನ್ನು ತೆರುವ ಅಧಿಕಾರ ನಿನಗಿಲ್ಲವೆಂಬ ಗಜ್ಜಾಲಿಯವರ ಪ್ರಶ್ನೆಗೆ ಅಗಸ್ಟೀನರ ಶಿಷ್ಯರು ಇನ್ನೂ ಉತ್ತರಿಸಬೇಕಾಗಿದೆ. ಟೇಗಲ್ ಸೆರೆಮನೆಯಲ್ಲಿದ್ದಾಗ ಬಾನ್‌ಹಾಫರ್ ಸತ್ಯ ನುಡಿಯುವುದೆಂದರೇನು ಎಂದು ಬರೆಯಲಾರಂಭಿಸಿದ ಪ್ರಬಂಧವೂ ಇದೇ ಹಾದಿಯಲ್ಲಿ ಸಾಗುತ್ತದೆ. ತಂದೆ ಕುಡುಕನೇ ಎಂದು ತರಗತಿಯ ಮುಂದೆ ಉಪಾಧ್ಯಾಯನು ಕೇಳಿದಾಗ ಅಲ್ಲವೆನ್ನುವ ಮಗು, ಕೇಳಬಾರದ್ದನ್ನು ಕೇಳಿದ ಉಪಾಧ್ಯಾಯನಿಗಿಂತ ಸತ್ಯಕ್ಕೆ ಹತ್ತಿರವಾಗಿದೆ.

ಎರಡನೆಯದಾಗಿ, ಅಗತ್ಯವನ್ನು ತೀರ್ಮಾನಿಸುವವನು ಮಾತಾಡುವವನೇ ಆಗಿರುವುದರಲ್ಲಿ ಅಪಾಯವಿದೆ. ಗಜ್ಜಾಲಿಯವರು ಇದನ್ನು ಕಂಡಿದ್ದರು. ಆದರೆ ಅವರ ಪರಿಹಾರವು ಮತ್ತೆ ಆ ವ್ಯಕ್ತಿಯ ಮನಸ್ಸಾಕ್ಷಿಗೇ ಮರಳುತ್ತದೆ. ಹೃದಯವು ಎಲ್ಲಕ್ಕಿಂತ ವಂಚಕವೆಂದು ಯೆರೆಮೀಯನಿಂದ ಕಲಿತ ನಾವು, ಇಲ್ಲಿ ಸಹೋದರರ ಮುಂದಿನ ಅರಿಕೆಯೂ ಪಶ್ಚಾತ್ತಾಪವೂ ಅಗತ್ಯವೆನ್ನುತ್ತೇವೆ. ಜೀವ ಉಳಿಸಲು ಸುಳ್ಳಾಡಬೇಕಾಗಿ ಬಂದವನೂ ಅದನ್ನು ಹಕ್ಕೆಂದು ಹೊತ್ತು ತಿರುಗದೆ, ಮುರಿದ ಲೋಕದ ಗಾಯವೆಂದು ದೇವರ ಮುಂದಿಡಬೇಕು. ಅಮ್ಮಾರರ ಕಣ್ಣೀರು ಈ ಭಾವಕ್ಕೆ ನಮಗಿಂತ ದೂರವಾದದ್ದಲ್ಲ ಎಂಬುದನ್ನೂ ಒಪ್ಪುತ್ತೇವೆ.

ಮೂರನೆಯದಾಗಿ, ಪತಿಪತ್ನಿಯರ ನಡುವಣ ವಿನಾಯಿತಿ ನಮಗೆ ಕಷ್ಟದ್ದು. 1277ರಲ್ಲಿ ತೀರಿಕೊಂಡ ನವವಿಯವರು ಇದು ಪ್ರೀತಿಯ ಮಾತುಗಳಿಗೆ ಸಂಬಂಧಿಸಿದ್ದು, ಒಬ್ಬರ ಹಕ್ಕನ್ನು ಇನ್ನೊಬ್ಬರು ಕಸಿಯುವ ಮೋಸ ಸರ್ವಸಮ್ಮತವಾಗಿ ನಿಷಿದ್ಧ ಎಂದು ಎಲ್ಲೆ ಹಾಕಿದ್ದಾರೆ. ಆದರೂ ಎಫೆಸದವರಿಗೆ ಬರೆದ ಪತ್ರಿಕೆಯ 4:25, ನಾವು ಒಬ್ಬರಿಗೊಬ್ಬರು ಅಂಗಗಳಾಗಿರುವುದರಿಂದಲೇ ಸುಳ್ಳನ್ನು ಬಿಡಬೇಕೆನ್ನುತ್ತದೆ. ಸಂಬಂಧ ಹತ್ತಿರವಾದಷ್ಟೂ ಸತ್ಯದ ಹೊಣೆ ಹೆಚ್ಚುತ್ತದೆ, ತಗ್ಗುವುದಿಲ್ಲ.

ನಾಲ್ಕನೆಯದಾಗಿ, ಯುದ್ಧದ ವಿಷಯ. ಮುಹಮ್ಮದ್ ಬಿನ್ ಮಸ್ಲಮಾ ಎಂಬವರು ಬೇಕಾದ್ದನ್ನು ಹೇಳಲು ಪ್ರವಾದಿಯ ಅನುಮತಿ ಪಡೆದು, ಸ್ನೇಹದ ಮಾತಿನಿಂದ ಕಅಬ್ ಬಿನ್ ಅಶ್ರಫನನ್ನು ಮನೆಯಿಂದ ಹೊರಗೆ ಕರೆದು ಕೊಂದ ವೃತ್ತಾಂತ ಬುಖಾರಿಯಲ್ಲಿದೆ. ಅವನು ಒಪ್ಪಂದ ಮುರಿದು ಯುದ್ಧಕ್ಕೆ ಪ್ರಚೋದಿಸಿದವನೆಂಬುದು ಮುಸಲ್ಮಾನ ವಿದ್ವಾಂಸರ ಉತ್ತರ. ಈ ವೃತ್ತಾಂತ ನಮ್ಮನ್ನು ಕಳವಳಗೊಳಿಸುತ್ತದೆಂದು ಹೇಳಲು ಸಂಕೋಚವಿಲ್ಲ. ಆದರೆ ಅದನ್ನು ಹೇಳುವ ನಾಲಗೆಯು ಯಾಯೇಲಳ ಡೇರೆಯ ಬಗ್ಗೆಯೂ ಅದೇ ಕಳವಳವನ್ನು ನುಡಿಯಬೇಕು.

ಉಪಸಂಹಾರ

ನಮ್ಮ ವಿದ್ಯಾರ್ಥಿಗಳು ಇಸ್ಲಾಮನ್ನು ಓದುವಾಗ ಗಜ್ಜಾಲಿಯವರ ಪುಟಗಳನ್ನು ಅಗಸ್ಟೀನರ ಪುಟಗಳ ಪಕ್ಕದಲ್ಲಿಟ್ಟು ಓದಬೇಕೆಂಬುದು ನಮ್ಮ ವಿನಂತಿ. ಆಗ ಎರಡು ಸಂಪ್ರದಾಯಗಳೂ ಒಂದೇ ಬಾಗಿಲ ಮುಂದೆ ನಿಂತಿರುವುದು ಕಾಣುತ್ತದೆ: ಒಳಗೆ ಅಡಗಿರುವವನು, ಹೊರಗೆ ಕತ್ತಿ ಹಿಡಿದು ಕೇಳುವವನು, ನಡುವೆ ಉತ್ತರ ಕೊಡಬೇಕಾದ ವಿಶ್ವಾಸಿ. ಆ ಉತ್ತರದಲ್ಲಿ ನಾವು ಅವರಿಂದ ಭಿನ್ನರಾಗಬಹುದು. ಭಿನ್ನತೆಯನ್ನು ಅವರ ಮುಂದೆಯೇ ಹೇಳಿ ಅವರ ಪ್ರತ್ಯುತ್ತರವನ್ನೂ ಕೇಳಬಹುದು. ಆದರೆ ಕೇಳಬೇಕಾದರೆ ಅವರ ಮಾತು ನಂಬಲರ್ಹವೆಂದು ಮೊದಲು ಒಪ್ಪಬೇಕು.

ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನುವ ಸರಳತೆಯನ್ನು ನಮ್ಮ ಕರ್ತನು ತನ್ನ ಶಿಷ್ಯರಿಂದ ನಿರೀಕ್ಷಿಸಿದನು. ಆ ನಿರೀಕ್ಷೆ ನಾವು ನಮ್ಮನ್ನು ಕುರಿತು ಆಡುವ ಮಾತಿಗೆ ಮಾತ್ರವಲ್ಲ, ನೆರೆಯವನನ್ನು ಕುರಿತು ಆಡುವ ಮಾತಿಗೂ ಸಲ್ಲುತ್ತದೆ. ಅವರ ಧರ್ಮವು ನಮ್ಮ ಮುಂದೆ ಸುಳ್ಳಾಡಲು ಅವರಿಗೆ ಕಲಿಸುತ್ತದೆಂಬ ಮಾತು ನಮ್ಮ ಪ್ರಸಂಗಗಳಲ್ಲಿ ಉಳಿದಿದ್ದರೆ ಅದನ್ನು ತೆಗೆದುಹಾಕೋಣ. ಅದು ಅವರ ಬೋಧನೆಯ ಸತ್ಯವಾದ ವಿವರಣೆಯಲ್ಲ.